ಬಳ್ಳಿ ಕೊಳ್ಳುವಾಗ ಹೂವಿಗಿಂತ ಮೊದಲು ಹಿಡಿತ ನೋಡಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಮನೆಯಂಗಳಕ್ಕೆ ಒಪ್ಪುವ ಬಳ್ಳಿಗಳ ಬಣ್ಣದ ಚಿತ್ರಗಳು ಪತ್ರಿಕೆಗಳ ಪುರವಣಿಗಳಲ್ಲಿ ಬರತೊಡಗುತ್ತವೆ. ತಮ್ಮ ಪತ್ರಿಕೆಯಲ್ಲೂ ಬಂದಿವೆ. ಚಿತ್ರಗಳು ಸೊಗಸಾಗಿವೆ. ಆದರೆ ಕೆಳಗೆ ಹೂವಿನ ಬಣ್ಣ, ಪರಿಮಳ ಬಿಟ್ಟು ಬೇರೆ ಮಾತಿಲ್ಲ. ಬಳ್ಳಿ ಏನನ್ನು ಹಿಡಿದು ಹತ್ತುತ್ತದೆ, ಎಷ್ಟು ದೂರ ಹಬ್ಬುತ್ತದೆ, ಮಳೆಗಾಲದಲ್ಲಿ ನೆನೆದಾಗ ಎಷ್ಟು ಭಾರವಾಗುತ್ತದೆ ಎಂಬುದು ಗೊತ್ತಿಲ್ಲದೆ ಬಳ್ಳಿ ಆರಿಸಲಾಗದು. ಗುಲಾಬಿ ಗಿಡವೊಂದು ಜಾಗಕ್ಕೆ ಹೊಂದದಿದ್ದರೆ ಕಿತ್ತು ಇನ್ನೊಂದನ್ನು ನೆಡಬಹುದು. ಬಳ್ಳಿ ಹಾಗಲ್ಲ. ತಪ್ಪು ಅರಿವಿಗೆ ಬರುವಷ್ಟರಲ್ಲಿ ಅದು ಕಿಟಕಿಯ ಸರಳು, ಮಳೆನೀರಿನ ಪೈಪು, ಪಕ್ಕದ ಮನೆಯ ಕಾಂಪೌಂಡು ಎಲ್ಲವನ್ನೂ ಅಪ್ಪಿಕೊಂಡಿರುತ್ತದೆ. ಅದಕ್ಕಾಗಿ ಈ ಪತ್ರ, ಸ್ವಲ್ಪ ದೀರ್ಘವಾಗಿಯೇ.

ಬಳ್ಳಿಗಳು ಹತ್ತುವ ಬಗೆ ನಾಲ್ಕು. ಶಂಖಪುಷ್ಪ, ಬಸಳೆ, ಚಪ್ಪರದವರೆ, ಅಮೃತಬಳ್ಳಿ ಇವುಗಳಲ್ಲಿ ಕಾಂಡವೇ ಆಸರೆಯನ್ನು ಸುತ್ತುತ್ತದೆ. ಇವಕ್ಕೆ ನೆಟ್ಟಗೆ ನಿಂತ ಹಗ್ಗವೋ ತಂತಿಯೋ ಬೇಕು. ದಪ್ಪ ಕಂಬ ಕೊಟ್ಟರೆ ಎಳೆಯ ಕಾಂಡಕ್ಕೆ ಸುತ್ತು ಹಾಕಲಾಗದೆ ಜಾರಿ ಬುಡದಲ್ಲೇ ಗಂಟು ಕಟ್ಟಿಕೊಳ್ಳುತ್ತದೆ. ಹಾಗಲ, ಹೀರೆ, ತೊಂಡೆ, ದ್ರಾಕ್ಷಿ, ಪ್ಯಾಶನ್ ಹಣ್ಣಿನ ಬಳ್ಳಿಗಳು ಗೆಣ್ಣಿನಿಂದ ಹೊರಡುವ ಸುರುಳಿ ತಂತುಗಳಿಂದ ಹಿಡಿಯುತ್ತವೆ. ಆ ತಂತು ಪೆನ್ಸಿಲ್ಲಿಗಿಂತ ದಪ್ಪನೆಯದನ್ನು ಸುತ್ತುವುದು ಕಷ್ಟ. ಮೂರಿಂಚಿನ ಬಿದಿರು ನೆಟ್ಟು ಹಾಗಲದ ಬಳ್ಳಿ ಹತ್ತುತ್ತಿಲ್ಲವೆಂದು ಕೊರಗುವವರು ಅದೇ ಬಿದಿರಿಗೆ ನಾಲ್ಕಾರು ಇಂಚಿನ ಕಣ್ಣಿನ ಬಲೆ ಕಟ್ಟಿದರೆ ವಾರದಲ್ಲಿ ಬಳ್ಳಿ ಮೇಲೇರುತ್ತದೆ. ವೀಳ್ಯದೆಲೆ, ಕಾಳುಮೆಣಸು, ಮನಿಪ್ಲಾಂಟ್, ಗೋಡೆಗೆ ಹಬ್ಬಿಸುವ ಫೈಕಸ್ ಪ್ಯುಮಿಲ ಇವು ಗೆಣ್ಣಿನಲ್ಲಿ ಬೇರು ಬಿಟ್ಟು ಅಂಟಿಕೊಳ್ಳುತ್ತವೆ. ಇವಕ್ಕೆ ಒರಟಾದ, ತುಸು ತೇವ ಹಿಡಿದಿಡುವ ಮೈ ಬೇಕು: ಅಡಿಕೆ ಮರ, ನುಗ್ಗೆ ಮರ ಅಥವಾ ತೆಂಗಿನ ನಾರು ಸುತ್ತಿದ ಕಂಬ. ನಯವಾದ ಪೈಪಿಗೆ ಇವು ಹತ್ತುವುದಿಲ್ಲ.

ನಾಲ್ಕನೆಯ ಬಗೆಯ ಬಗ್ಗೆಯೇ ಹೆಚ್ಚು ಜನ ಮೋಸ ಹೋಗುವುದು. ಬೋಗನ್‌ವಿಲ್ಲಾ, ಜಾಜಿ, ಅಲಮಂಡ, ಬಳ್ಳಿ ಗುಲಾಬಿ ಇವು ತಾವಾಗಿ ಏನನ್ನೂ ಹಿಡಿಯುವುದಿಲ್ಲ. ಕಾಡಿನಲ್ಲಿ ಪಕ್ಕದ ಪೊದೆಗೆ ಒರಗಿ, ಮುಳ್ಳಿದ್ದರೆ ಅದನ್ನು ಸಿಕ್ಕಿಸಿ ಮೇಲೇಳುವ ಜಾತಿಗಳಿವು. ಮನೆಯಲ್ಲಿ ಇವನ್ನು ನಾವೇ ಎತ್ತಿ ಕಟ್ಟಬೇಕು, ಬೆಳೆಯುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ. ಅಷ್ಟು ಬಿಡುವಿಲ್ಲದವರು ಇವನ್ನು ಪೊದೆಯಾಗಿ ಬೆಳೆಸುವುದೇ ಲೇಸು. ಕಟ್ಟುವಾಗ ಎಂಟರ ಅಂಕಿಯ ಹಾಗೆ ಸಡಿಲವಾಗಿ, ಸೆಣಬಿನ ಇಲ್ಲವೇ ತೆಂಗಿನ ನಾರಿನ ದಾರದಿಂದ ಕಟ್ಟಿ. ನೈಲಾನ್ ದಾರ ಒಂದೇ ವರ್ಷದಲ್ಲಿ ದಪ್ಪಗಾಗುವ ಕಾಂಡದೊಳಗೆ ಹೂತು, ಅಲ್ಲಿಂದ ಮೇಲಿನ ಭಾಗ ಒಣಗುತ್ತದೆ.

ಇನ್ನು ಭಾರ. ರಂಗೂನ್ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುವ ಹೂಗೊಂಚಲಿನ ಚೆಲುವಿಗೆ ಸೋಲದವರಿಲ್ಲ. ಬಿಸಿಲು ಕಾಯುವ ಪಶ್ಚಿಮದ ಗೋಡೆಗೆ ನೆರಳು ಕೊಡಲು ಇದಕ್ಕಿಂತ ಒಳ್ಳೆಯ ಬಳ್ಳಿ ನಮ್ಮ ಬಯಲುಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ಆದರೆ ಇದು 25 ಅಡಿ ಸಲೀಸಾಗಿ ಏರುತ್ತದೆ, ಬುಡದಿಂದ ಮರಿಗಳನ್ನು ಎಬ್ಬಿಸುತ್ತದೆ, ಉದುರಿದ ಎಲೆಯ ತೊಟ್ಟಿನ ಬುಡ ಗಟ್ಟಿಯಾಗಿ ಕೊಕ್ಕೆಮುಳ್ಳಾಗುತ್ತದೆ. ಇದಕ್ಕೆ ಎರಡಿಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಎರಡಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಹೂತು ಕಂಬ ಮಾಡಬೇಕು. ಅಡ್ಡಕ್ಕೆ 10 ಗೇಜಿನ ತಂತಿ, ಒಂದೂವರೆ ಅಡಿಗೊಂದು ಸಾಲು, ತುದಿಯಲ್ಲಿ ಬಿಗಿ ಮಾಡಲು ಟರ್ನ್‌ಬಕಲ್. ತಂತಿ ಗೋಡೆಗೆ ತಾಗಿರಬಾರದು, ಅರ್ಧದಿಂದ ಒಂದು ಅಡಿ ದೂರವಿರಲಿ. ಆ ಸಂದಿನಲ್ಲಿ ಗಾಳಿಯಾಡಿದರೆ ಗೋಡೆ ತಂಪಾಗಿರುತ್ತದೆ, ಗಾರೆಗೆ ಪಾಚಿ ಹಿಡಿಯುವುದಿಲ್ಲ, ಮುಂದೆ ಸುಣ್ಣಬಣ್ಣ ಮಾಡಲು ಕೈಯೂ ಆಡುತ್ತದೆ. ಕೊಕ್ಕೆ ಕೂರಿಸುವಾಗ ಡ್ರಿಲ್ ಬರೀ ಗಾರೆಯಲ್ಲಿ ನಿಲ್ಲದೆ ಇಟ್ಟಿಗೆಯೊಳಗೆ ಹೋಗಬೇಕು. ಗಾರೆಯಲ್ಲಷ್ಟೇ ನಿಂತ ಕೊಕ್ಕೆ ಮೊದಲ ಗಾಳಿಮಳೆಗೆ ಬಳ್ಳಿಯ ಸಮೇತ ಕಿತ್ತು ಬರುತ್ತದೆ. ಕಿಟಕಿಯ ಸರಳಿಗೆ, ಮಳೆನೀರಿನ ಪೈಪಿಗೆ, ವಿದ್ಯುತ್ ಸರ್ವಿಸ್ ವೈರಿಗೆ ಯಾವ ಬಳ್ಳಿಯೂ ಸುತ್ತದಂತೆ ಮೊದಲ ದಿನದಿಂದಲೇ ಕುಡಿ ತಿರುಗಿಸುತ್ತಿರಬೇಕು. ಮಧ್ಯಾಹ್ನದ ಬಿಸಿಲಿಗೆ ಬೆಂದ ಕಬ್ಬಿಣದ ಮೇಲೆ ಎಳೆಗುಡಿ ಕರಗಿ ಕಪ್ಪಾಗುವುದುಂಟು. ಅಂಥ ಕಡೆ ಆಸರೆಯ ಕಬ್ಬಿಣಕ್ಕೆ ನಾರಿನ ಹಗ್ಗ ಸುತ್ತಿದರೆ ಸಾಕು.

ಗೋಡೆಗೆ ಅಂಟಿಸುವ ಫೈಕಸ್ ಪ್ಯುಮಿಲ ಬಗ್ಗೆ ಒಂದು ಎಚ್ಚರಿಕೆ. ನರ್ಸರಿಯಲ್ಲಿ ಕಾಣುವ ಪುಟ್ಟ ಎಲೆ ಅದರ ಎಳೆತನದ ರೂಪ. ಗೋಡೆಯ ತುದಿ ಮುಟ್ಟಿದ ಮೇಲೆ ಅದು ಮರದಂಥ ಕೊಂಬೆಗಳನ್ನು ಹೊರಕ್ಕೆ ಚಾಚಿ ದೊಡ್ಡ ಎಲೆ ಬಿಡುತ್ತದೆ. ವರ್ಷಕ್ಕೆ ನಾಲ್ಕು ಸಲ ಮೈಮಟ್ಟಕ್ಕೆ ಕತ್ತರಿಸದಿದ್ದರೆ ಅದು ಗೋಡೆಯಿಂದ ದೂರ ನಿಂತ ಪೊದೆ. ಕಿತ್ತರೆ ಬಣ್ಣದ ಪದರವೂ ಜೊತೆಗೆ ಬರುತ್ತದೆ, ಬೇರಿನ ಗುರುತು ಉಳಿಯುತ್ತದೆ. ಕಲ್ಲಿನ ಕಾಂಪೌಂಡಿಗೆ ಇದು ಸರಿ, ಬಣ್ಣ ಬಳಿದ ಮನೆಗೋಡೆಗೆ ಬೇಡ.

ಬಿಸಿಲಿನ ಲೆಕ್ಕವನ್ನು ದಿಕ್ಕಿನಿಂದಲೇ ಹಾಕಬೇಕು. ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಈ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಹಾಗಾಗಿ ಚಳಿಗಾಲ, ಬೇಸಿಗೆಯ ಮೊದಲ ಭಾಗಗಳಲ್ಲಿ ಹೂ ಬೇಕೆಂದರೆ ಬೋಗನ್‌ವಿಲ್ಲಾ ದಕ್ಷಿಣದ ಬದಿಗೇ ಇರಬೇಕು. ಉತ್ತರದ ಗೋಡೆಗೆ ನೇರ ಬಿಸಿಲು ಸಿಗುವುದು ಬಹುಮಟ್ಟಿಗೆ ಮೋಡದ ತಿಂಗಳುಗಳಲ್ಲೇ. ಅಲ್ಲಿ ವೀಳ್ಯದೆಲೆ, ಬಸಳೆ, ಮನಿಪ್ಲಾಂಟ್ ಹೊರತು ಹೂಬಳ್ಳಿಯ ಆಸೆ ಬೇಡ. ಬೋಗನ್‌ವಿಲ್ಲಾ ಹೂ ಬಿಡುತ್ತಿಲ್ಲ ಎನ್ನುವವರು ಮೂರು ಸಂಗತಿ ನೋಡಿಕೊಳ್ಳಲಿ: ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿದೆಯೇ, ದಿನವೂ ನೀರು ಹಾಕುತ್ತಿದ್ದಾರೆಯೇ, ಯೂರಿಯಾದಂಥ ಸಾರಜನಕದ ಗೊಬ್ಬರ ಸುರಿಯುತ್ತಿದ್ದಾರೆಯೇ. ನೀರೂ ಸಾರಜನಕವೂ ಹೆಚ್ಚಾದರೆ ಅದು ಎಲೆಯನ್ನೇ ಬಿಡುತ್ತಾ ಹೋಗುತ್ತದೆ. ಮಣ್ಣು ಒಣಗಿ ಎಲೆ ತುಸು ಬಾಡುವವರೆಗೆ ಕಾದು ನೀರು ಕೊಟ್ಟರೆ ಮೊಗ್ಗು ಬರುತ್ತದೆ. ನೆಡುವಾಗ ಇನ್ನೊಂದು ಎಚ್ಚರ: ಇದರ ಬೇರು ಬಲು ನಾಜೂಕು. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಬೇಕು. ಓಡಾಡುವ ದಾರಿಯಿಂದ ಮೂರಡಿ ದೂರವಿರಲಿ, ಮುಳ್ಳು ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತದೆ.

ಮಲ್ಲಿಗೆಯ ಹೆಸರಿನಲ್ಲಿ ನಡೆಯುವ ಗೊಂದಲ ದೊಡ್ಡದು. ಉಡುಪಿ, ಮೈಸೂರು, ಹಡಗಲಿ ಮೂರೂ ಊರಿನ ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ಸಿಕ್ಕಿರುವ ನಾಡು ನಮ್ಮದು. ಆದರೂ ದುಂಡು ಮಲ್ಲಿಗೆಯನ್ನು ಕಮಾನಿಗೆ ಹಬ್ಬಿಸಿ ನಿರಾಶರಾಗುವವರು ಬಹಳ. ಅದು ಪೊದೆಯ ಸ್ವಭಾವದ್ದು. ನವೆಂಬರ್ ಕೊನೆಯಲ್ಲಿ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿಗೆ ಸವರಿ, ಗೊಬ್ಬರ ಕೊಟ್ಟರೆ ಮಾರ್ಚಿನಿಂದ ಹೊಸ ಚಿಗುರಿನಲ್ಲಿ ಮೊಗ್ಗು ತುಂಬುತ್ತದೆ. ಸವರದೆ ಮೇಲಕ್ಕೆ ಬಿಟ್ಟರೆ ಹೂ ಕಡಿಮೆ, ಬಿಟ್ಟದ್ದೂ ಕೈಗೆಟುಕದು. ಕಮಾನಿಗೆ ಜಾಜಿ ಇಲ್ಲವೇ ಸೂಜಿ ಮಲ್ಲಿಗೆ ಮೇಲು.

ಯಾವ ಬಳ್ಳಿಯನ್ನು ಯಾವಾಗ ಕತ್ತರಿಸಬೇಕು ಎಂಬುದು ಹೂ ಬರುವ ರೆಂಬೆಯ ಮೇಲೆ ನಿಂತಿದೆ. ರಂಗೂನ್ ಮಲ್ಲಿಗೆ, ಅಲಮಂಡ, ಬೋಗನ್‌ವಿಲ್ಲಾ, ಪ್ಯಾಶನ್ ಹಣ್ಣು ಇವು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ, ಹೂವಿನ ಕಾಲಕ್ಕೆ ಮುಂಚೆ ಕತ್ತರಿಸಿದರೆ ಲಾಭವೇ. ಫೆಬ್ರುವರಿ-ಮಾರ್ಚಿನಲ್ಲಿ ನೀಲಿಯಾಗಿ ತೂಗುವ ಪೆಟ್ರಿಯಾ ಹಾಗಲ್ಲ. ಅದು ಹಿಂದಿನ ಬೆಳವಣಿಗೆಯ ಮೇಲೆ ಹೂ ಕಟ್ಟುತ್ತದೆ. ಡಿಸೆಂಬರಿನಲ್ಲಿ ಅಚ್ಚುಕಟ್ಟು ಮಾಡಲು ಹೋಗಿ ಕತ್ತರಿ ಹಾಕಿದರೆ ಆ ವರ್ಷದ ಹೂವೆಲ್ಲ ಕತ್ತರಿಯ ಪಾಲು. ಹೂ ಮುಗಿದ ಮೇಲೆಯೇ ಅದನ್ನು ಮುಟ್ಟಬೇಕು.

ನಮ್ಮ ಪಶ್ಚಿಮ ಘಟ್ಟದ್ದೇ ಆದ, ಮೈಸೂರಿನ ಹೆಸರನ್ನೇ ಹೊತ್ತ ಥನ್‌ಬರ್ಜಿಯಾ ಮೈಸೋರೆನ್ಸಿಸ್ ಬಳ್ಳಿಯನ್ನು ನಾವೇ ಮರೆತಿದ್ದೇವೆ ಎಂಬುದು ನೋವಿನ ಸಂಗತಿ. ವಿದೇಶದ ಗಾಜಿನ ಮನೆಗಳಲ್ಲಿ ಅಕ್ಕರೆಯಿಂದ ಬೆಳೆಸುವ ಬಳ್ಳಿಯಿದು. ಕೆಂಪು-ಹಳದಿ ಹೂಗಳ ಮಾಲೆ ಒಂದೆರಡು ಅಡಿ ಕೆಳಕ್ಕೆ ಇಳಿಬೀಳುತ್ತದೆ, ಸೂರಕ್ಕಿಗಳು ಮುತ್ತುತ್ತವೆ. ಇದನ್ನು ಗೋಡೆಗೆ ಹಬ್ಬಿಸಿದರೆ ಅರ್ಧ ಅಂದ ಹಾಳು. ಎಂಟು-ಒಂಬತ್ತು ಅಡಿ ಎತ್ತರದ ಚಪ್ಪರ ಬೇಕು, ಮಾಲೆಗಳು ಕೆಳಗೆ ತೂಗಲು ಜಾಗವಿರಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಬುಡದಲ್ಲಿ ಒಣ ಎಲೆಯ ಹೊದಿಕೆ ಇದ್ದರೆ ಮಲೆನಾಡಿನಲ್ಲೂ ಬೆಂಗಳೂರು, ಮೈಸೂರಿನಲ್ಲೂ ಚೆನ್ನಾಗಿ ಬರುತ್ತದೆ. ಒಣ ಬಿಸಿಗಾಳಿ ಬೀಸುವ ರಾಯಚೂರು, ಕಲಬುರಗಿ ಕಡೆಗೆ ಹೇಳಿದ್ದಲ್ಲ.

ಅಡುಗೆಮನೆಯ ಹಿತ್ತಲಿನ ಬಳ್ಳಿಗಳ ಬಗ್ಗೆ ಪುರವಣಿಗಳು ಹೇಳುವುದೇ ಇಲ್ಲ, ಅಲ್ಲೇ ಹೆಚ್ಚು ತಿಳಿವಳಿಕೆ ಬೇಕಿರುವುದು. ಮೊದಲ ಸಲ ಬಳ್ಳಿ ಬೆಳೆಸುವವರಿಗೆ ಬಸಳೆಯೇ ಸೈ. ಕರಾವಳಿಯ ಹಿತ್ತಲಿನ ಬಸಳೆ ಚಪ್ಪರ ಸುಮ್ಮನೆ ಬಂದದ್ದಲ್ಲ: ಒಂದಡಿ ಉದ್ದದ ಬಲಿತ ದಂಟು ಊರಿದರೆ ಸಾಕು ಬೇರು ಬಿಡುತ್ತದೆ, ಬಚ್ಚಲ ನೀರಿನ ತಂಪಿಗೆ ಹಬ್ಬುತ್ತದೆ. ಎಲೆಯ ಮೇಲೆ ಕೆಂಪಂಚಿನ ಚುಕ್ಕೆ ಕಂಡರೆ ಆ ಎಲೆಗಳನ್ನು ಕಿತ್ತು ಸುಟ್ಟು, ನೀರನ್ನು ಎಲೆಗೆ ಎರಚದೆ ಬುಡಕ್ಕೆ ಹಾಕಿ. ತೊಂಡೆಯನ್ನು ಬೀಜದಿಂದ ಬೆಳೆಸಬೇಡಿ. ಅದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದ ಪೆನ್ಸಿಲ್ ದಪ್ಪದ, ಐದಾರು ಗೆಣ್ಣಿನ ಕಡ್ಡಿ ತಂದು ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆಡಿ. ಚಪ್ಪರ ಆರೂವರೆ ಅಡಿ ಎತ್ತರವಿರಲಿ, ಕೈಯೆತ್ತಿ ಕೊಯ್ಯುವಂತಿರಬೇಕು.

ಹೀರೆ, ಸೋರೆ, ಹಾಗಲ, ಪಡವಲಗಳಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಪ್ರತ್ಯೇಕ. ಮೊದಲ ಕೆಲವು ದಿನ ಬರುವುದು ಗಂಡು ಹೂವೇ. ಹೂ ಉದುರುತ್ತಿದೆ, ಕಾಯಿ ಕಚ್ಚುತ್ತಿಲ್ಲ ಎಂದು ಆಗಲೇ ಔಷಧಿ ಹೊಡೆಯುವುದು ತಪ್ಪು. ಬುಡದಲ್ಲಿ ಪುಟ್ಟ ಕಾಯಿಯಂಥ ಉಬ್ಬು ಇದ್ದರೆ ಹೆಣ್ಣು ಹೂ. ಆಮೇಲೂ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಬಿದ್ದಿಲ್ಲವೆಂದು ತಿಳಿಯಬೇಕು. ನಗರದ ಮೇಲಂತಸ್ತಿನಲ್ಲಿ ಇದು ಸಾಮಾನ್ಯ. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿನ ತಲೆಗೆ ಮೆಲ್ಲಗೆ ಸವರಿ. ಆದರೆ ಹೊತ್ತು ನೋಡಿ: ಹಾಗಲವೂ ತುಪ್ಪದ ಹೀರೆಯೂ ಅರಳುವುದು ಬೆಳಗ್ಗೆ. ಸೋರೆ, ಗೀರು ಹೀರೆ, ಪಡವಲ ಅರಳುವುದು ಸಂಜೆ. ಸೋರೆಗೆ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಪರಾಗ ಸವರಿದರೆ ಏನೂ ಪ್ರಯೋಜನವಿಲ್ಲ. ಕಾಯಿ ನೊಣಕ್ಕೆ ಎಳೆಗಾಯಿಗೇ ಕಾಗದದ ಚೀಲ ಕಟ್ಟುವುದು ಮನೆಮಟ್ಟಿಗೆ ಒಳ್ಳೆಯ ಉಪಾಯ, ಗಂಡು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ-ಲ್ಯೂರ್ ಬಲೆಯನ್ನೂ ತೂಗುಹಾಕಬಹುದು. ಹುಳು ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆದರೆ ನೊಣ ಅಲ್ಲೇ ಹುಟ್ಟಿ ಮರಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಬಿಸಿಲಿಗಿಡಿ. ಎಲೆಯ ಮೇಲೆ ಬೂದಿ ರೋಗ ಕಂಡಾಗ ಗಂಧಕ ಸಿಂಪಡಿಸುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ಈ ಕುಟುಂಬದ ಬಳ್ಳಿಗಳ ಎಲೆ ಬಿಸಿಲಿನಲ್ಲಿ ಗಂಧಕಕ್ಕೆ ಸುಟ್ಟುಹೋಗುತ್ತದೆ, ದಯವಿಟ್ಟು ಅದನ್ನು ಅಚ್ಚು ಹಾಕಬೇಡಿ.

ಪ್ಯಾಶನ್ ಹಣ್ಣಿನಲ್ಲಿ ನೇರಳೆ ತಳಿ ಒಂಟಿಯಾಗಿದ್ದರೂ ಕಾಯಿ ಕಚ್ಚುತ್ತದೆ. ಹಳದಿ ತಳಿಗೆ ಬೇರೆ ಮೂಲದ ಇನ್ನೊಂದು ಬಳ್ಳಿ ಹತ್ತಿರವಿರಬೇಕು, ಒಂದೇ ಬಳ್ಳಿಯ ಕಡ್ಡಿಯಿಂದ ಬೆಳೆಸಿದ ಎರಡು ಗಿಡ ಸಾಲದು. ಅದಕ್ಕೆ ಪರಾಗ ಒಯ್ಯುವುದು ಕಪ್ಪು ಬಡಗಿ ದುಂಬಿ. ಮರದ ಕಂಬದಲ್ಲಿ ತೂತು ಕೊರೆಯುತ್ತದೆಂದು ಅದನ್ನು ಕೊಂದವರಿಗೆ ಹಣ್ಣೂ ಇಲ್ಲ. ಕೊಡಗಿನ ಚೆಟ್ಟಳ್ಳಿ ತೋಟಗಾರಿಕೆ ಕೇಂದ್ರದಲ್ಲಿ ಎರಡೂ ಬಗೆಗಳನ್ನು ಕೂಡಿಸಿ ಪಡೆದ 'ಕಾವೇರಿ' ಮನೆತೋಟಕ್ಕೆ ಒಳ್ಳೆಯ ಆಯ್ಕೆ. ದ್ರಾಕ್ಷಿಯನ್ನು ನೆರಳಿಗೆಂದು ನೆಡುವವರು ಒಂದು ವಿಷಯ ತಿಳಿದಿರಲಿ: ವಿಜಯಪುರದ ಬೆಳೆಗಾರರು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಚಾಟನಿ (ರೆಂಬೆ ಸವರುವುದು) ಮಾಡುತ್ತಾರೆ. ಚಾಟನಿ ಇಲ್ಲದೆ ಮನೆಯಲ್ಲೂ ಗೊಂಚಲು ಸರಿಯಾಗಿ ಬರುವುದಿಲ್ಲ. ಮಳೆ ಹೆಚ್ಚಿರುವ ಕಡೆ ಬೂಜು ರೋಗ ಬಿಡುವುದಿಲ್ಲ, ಅಲ್ಲಿ ದ್ರಾಕ್ಷಿ ಬೇಡ. ಹತ್ತಿಸಲು ಮರವಿಲ್ಲದವರಿಗೂ ಕಾಳುಮೆಣಸು ಸಾಧ್ಯ: ಕಾಯಿ ಬಿಡುವ ಅಡ್ಡ ರೆಂಬೆಯ ಕಡ್ಡಿಯಿಂದ ಬೆಳೆಸಿದ ಪೊದೆ ಮೆಣಸು ಹತ್ತುವುದಿಲ್ಲ, ಕುಂಡದಲ್ಲೇ ಕಾಳು ಕೊಡುತ್ತದೆ. ನೆಲದಲ್ಲಿ ಹರಿಯುವ ಹಂಬಿನಿಂದ ಕಡ್ಡಿ ತೆಗೆದರೆ ಅದು ಹತ್ತುವ ಬಳ್ಳಿಯಾಗುತ್ತದೆ. ಕೊಳ್ಳುವಾಗ ಯಾವುದರ ಕಡ್ಡಿ ಎಂದು ಕೇಳಿ.

ಗುಂಡಿಯ ವಿಷಯ ಚಿಕ್ಕದಾಗಿ. ಗೋಡೆಯಿಂದ ಒಂದೂವರೆ ಅಡಿಯಾದರೂ ದೂರ, ಸಜ್ಜೆಯ ಕೆಳಗಿನ ಒಣ ಜಾಗ ಬಿಟ್ಟು. ಒಂದೂವರೆ ಅಡಿ ಉದ್ದ, ಅಗಲ, ಆಳ. ಹೊಸ ಮನೆಯ ಸುತ್ತ ಅಗೆದಾಗ ಸಿಗುವ ಸಿಮೆಂಟಿನ ಚೂರು, ಸುಣ್ಣದ ಗಾರೆಯನ್ನು ಪೂರ್ತಿ ತೆಗೆಯಿರಿ. ಅದರ ಕ್ಷಾರಕ್ಕೆ ಕಬ್ಬಿಣದಂಶ ಬೇರಿಗೆ ದಕ್ಕದೆ ಮಲ್ಲಿಗೆಯ ಎಳೆಯೆಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುತ್ತದೆ. ಗಡಸು ಬೋರ್‌ವೆಲ್ ನೀರಿನಿಂದಲೂ ಹೀಗಾಗುತ್ತದೆ, ಮಳೆನೀರು ಹಿಡಿದಿಟ್ಟು ಹಾಕುವುದು ಅದಕ್ಕೆ ಪರಿಹಾರ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಜೊತೆಗೆ ಕಾಲು ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ, ನೀರು ಹಾಕಿ ಒಂದು ವಾರ ಮಣ್ಣು ಕೂರಲು ಬಿಡಿ, ಆಮೇಲೆ ನೆಡಿ. ತಾರಸಿಯಲ್ಲಾದರೆ ಹದಿನಾರಿಂಚಿಗಿಂತ ಚಿಕ್ಕ ಕುಂಡದಲ್ಲಿ ಬಹುವಾರ್ಷಿಕ ಬಳ್ಳಿ ಬಾಳುವುದಿಲ್ಲ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕಿಲೋಗೂ ಹೆಚ್ಚು ತೂಗುತ್ತದೆ, 50 ಲೀಟರಿನ ಡ್ರಮ್ಮೊಂದೇ 75 ಕಿಲೋ ದಾಟುತ್ತದೆ. ಅದನ್ನು ತಾರಸಿಯ ನಡುವೆ ಇಡದೆ ತೊಲೆ ಇರುವ ಅಂಚಿನಲ್ಲಿಡಿ.

ಹೆಸರುಗಳಿಂದಾಗುವ ಕೇಡನ್ನು ಹೇಳದಿರಲಾಗದು. ಮಧುಮಾಲತಿ ಎಂದು ಮಾರುವುದು ರಂಗೂನ್ ಮಲ್ಲಿಗೆಯನ್ನು. ನಮ್ಮ ಕಾವ್ಯಗಳ ಮಾಧವಿ ಲತೆ ಬೇರೆಯದೇ, ಮೂರು ರೆಕ್ಕೆಯ ಕಾಯಿಯ ದೊಡ್ಡ ಕಾಡುಬಳ್ಳಿ. ಎರಡನ್ನೂ ಒಂದೇ ಎಂದು ತಿಳಿದು ಕೊಳ್ಳುವವರಿದ್ದಾರೆ. ಸಸ್ಯಶಾಸ್ತ್ರದ ಹೆಸರು ಬರೆಸಿಕೊಳ್ಳದೆ ಕೊಳ್ಳಬೇಡಿ. ಹಳದಿ ಹೂವಿನ, ಬೆಕ್ಕಿನ ಉಗುರಿನಂಥ ಕೊಕ್ಕೆ ತಂತುಗಳಿರುವ ಬಳ್ಳಿಯನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ತರಬೇಡಿ. ನೆಲದಡಿಯಲ್ಲಿ ಗೆಡ್ಡೆ ಕಟ್ಟಿ, ಮರಗಳನ್ನೇ ಮುಚ್ಚಿ ಕೊಲ್ಲುತ್ತದೆ. ಆಸ್ಟ್ರೇಲಿಯಾದಲ್ಲಿ ಅದು ದೇಶಮಟ್ಟದ ಕಳೆ. ದೊಡ್ಡ ನೀಲಿ ಹೂವಿನ ಥನ್‌ಬರ್ಜಿಯಾ ಗ್ರಾಂಡಿಫ್ಲೋರ ಕೂಡ ಗೆಡ್ಡೆಯ ಬಳ್ಳಿಯೇ, ಕಾಡಂಚಿನ ಮನೆಗಳಲ್ಲಿ ಬೇಡವೇ ಬೇಡ.

ಮಕ್ಕಳಿರುವ ಮನೆಯಲ್ಲಿ ಅಗ್ನಿಶಿಖೆ, ಗುಲಗಂಜಿ ಎರಡನ್ನೂ ಬೆಳೆಸಬಾರದು. ಅಗ್ನಿಶಿಖೆಯ ಗೆಡ್ಡೆ ತಿಂದು ಪ್ರಾಣ ಹೋದದ್ದುಂಟು, ಗುಲಗಂಜಿಯ ಬೀಜ ಅಗಿದರೆ ಒಂದೂ ಅಪಾಯವೇ. ಅಲಮಂಡದ ಹಾಲು ಮೈಗೆ ತಾಗಿದರೆ ತುರಿಕೆ, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ನಾಯಿ, ಬೆಕ್ಕು ಸಾಕಿದವರು ಮನಿಪ್ಲಾಂಟನ್ನು ಅವುಗಳ ಬಾಯಿಗೆ ಎಟುಕದಂತೆ ಇಡಬೇಕು.

ಕೊನೆಯದಾಗಿ ಈಶ್ವರಿ ಬಳ್ಳಿ. ಹೂವಿನಿಂದ ಕಣ್ಸೆಳೆಯುವ ಬಳ್ಳಿಯಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಇದರ ಮೇಲೆ ಮತ್ತು ಇದರ ಹತ್ತಿರದ ಬಂಧುಗಳ ಮೇಲೆ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳಿಗೂ ಇದೇ ಆಹಾರ. ತಂತಿಬಲೆಯ ಒಂದು ಮೂಲೆ ಇದಕ್ಕೆ ಸಾಕು. ಕಪ್ಪು-ಕೆಂಪು ಮೊನೆಗಳ ಮರಿಹುಳುಗಳು ಎಲೆ ಬೋಳಿಸಿದಾಗ ಏನೂ ಸಿಂಪಡಿಸಬೇಡಿ, ಬುಡದಿಂದ ಮತ್ತೆ ಚಿಗುರುತ್ತದೆ. ಕಷಾಯಕ್ಕೆ ಮಾತ್ರ ಇದನ್ನು ಬಳಸಬಾರದು, ಮೂತ್ರಪಿಂಡಕ್ಕೆ ಹಾನಿ ಮಾಡುವ ಆಮ್ಲ ಇದರಲ್ಲಿದೆ.

ಮುಂದಿನ ಸಲ ಬಳ್ಳಿಗಳ ಚಿತ್ರ ಪ್ರಕಟಿಸುವಾಗ ಒಂದೊಂದರ ಕೆಳಗೂ ಎರಡು ಸಾಲು ಜಾಗ ಕೊಡಬೇಕೆಂದು ವಿನಂತಿ: ಸಸ್ಯಶಾಸ್ತ್ರದ ಹೆಸರು, ಹಿಡಿಯುವ ಬಗೆ, ಪೂರ್ತಿ ಬೆಳೆದಾಗಿನ ಉದ್ದ, ಬೇಕಾದ ಬಿಸಿಲು, ಕತ್ತರಿಸುವ ತಿಂಗಳು, ವಿಷವಿದ್ದರೆ ಆ ಮಾತು. ಚಿತ್ರ ತುಸು ಚಿಕ್ಕದಾದರೂ ಓದುಗರು ಬೇಸರಿಸರು.

ಇತಿ,
ತಮ್ಮ ವಿಶ್ವಾಸದ ಓದುಗರು, ಮೈಸೂರು